ಕೆರೆಯ ಪಾಚಿ, ಕಡಲ ಪಾಚಿ, ಸ್ಪಿರುಲಿನಾ: ಇವೆಲ್ಲ ಒಂದೇ ವಂಶದವೇ?

ಪ್ರಶ್ನೆ: ಕೆರೆಯಲ್ಲಿ ಕಟ್ಟುವ ಹಸಿರು ಪಾಚಿ, ಅಗರ್ ತಯಾರಿಸಲು ಬಳಸುವ ಕಡಲ ಪಾಚಿ, ಮಾತ್ರೆಯಾಗಿ ಮಾರಾಟವಾಗುವ ಸ್ಪಿರುಲಿನಾ ಎಲ್ಲವನ್ನೂ ಪಠ್ಯಪುಸ್ತಕಗಳು ಶೈವಲಗಳೆಂದೇ ಕರೆಯುತ್ತವೆ. ಇವು ನಿಜಕ್ಕೂ ಒಂದೇ ಗುಂಪಿನ ಜೀವಿಗಳೇ?

ಉತ್ತರ: ವಂಶದ ದೃಷ್ಟಿಯಿಂದ ನೋಡಿದರೆ ಅಲ್ಲ. ಬೆಳಕನ್ನು ಬಳಸಿ ಆಹಾರ ತಯಾರಿಸಿಕೊಳ್ಳುವ, ಆದರೆ ನಿಜವಾದ ಬೇರು, ಕಾಂಡ, ಎಲೆಗಳಿಲ್ಲದ, ಹೆಚ್ಚಾಗಿ ನೀರಿನಲ್ಲೇ ಬದುಕುವ ಜೀವಿಗಳನ್ನು ಅಧ್ಯಯನದ ಅನುಕೂಲಕ್ಕಾಗಿ ಒಟ್ಟುಗೂಡಿಸಿ ಶೈವಲಗಳೆನ್ನುತ್ತಾರೆ. ಇವುಗಳಲ್ಲಿ ಸ್ಪಿರುಲಿನಾ ಕೋಶಕೇಂದ್ರವೇ ಇಲ್ಲದ ಒಂದು ನೀಲಿ-ಹಸಿರು ಬ್ಯಾಕ್ಟೀರಿಯಾ. ಕೆರೆಯಲ್ಲಿ ನೂಲಿನಂತೆ ಜಾರುವ ಸ್ಪೈರೋಗೈರ ಭತ್ತ, ಮಾವುಗಳಂಥ ನೆಲದ ಸಸ್ಯಗಳಿಗೆ ಹತ್ತಿರದ ನೆಂಟ. ಕಡಲಿನ ಕಂದು ಶೈವಲವಾದರೋ ಆ ಸಸ್ಯಗಳಿಗಿಂತ, ಮಲೆನಾಡಿನ ಅಡಿಕೆ ಬೆಳೆಗಾರರನ್ನು ಪ್ರತಿ ಮಳೆಗಾಲದಲ್ಲೂ ಕಾಡುವ ಕೊಳೆರೋಗವನ್ನು ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಗೆ ಹೆಚ್ಚು ಹತ್ತಿರದ್ದು.

ಇದಕ್ಕೆ ಕಾರಣ ಬಹಳ ಹಿಂದಿನದು. ನೂರು ಕೋಟಿ ವರ್ಷಗಳಿಗೂ ಮೊದಲು ಒಂದು ಜೀವಕೋಶವು ನೀಲಿ-ಹಸಿರು ಬ್ಯಾಕ್ಟೀರಿಯಾವನ್ನು ನುಂಗಿ, ಜೀರ್ಣಿಸಿಕೊಳ್ಳದೆ ತನ್ನೊಳಗೇ ಉಳಿಸಿಕೊಂಡಿತು, ಅದೇ ಬೆಳಕಿನಿಂದ ಆಹಾರ ತಯಾರಿಸುವ ಕೋಶದ ಭಾಗವಾದ ಹರಿದ್ರೇಣು (ಕ್ಲೋರೋಪ್ಲಾಸ್ಟ್) ಆಯಿತು. ಕೆಂಪು ಶೈವಲ, ಹಸಿರು ಶೈವಲ ಮತ್ತು ನೆಲದ ಸಸ್ಯಗಳು ಈ ಮೂಲದಿಂದ ಬಂದವು. ಆಮೇಲೆ, ಇವಕ್ಕೆ ಸಂಬಂಧವಿಲ್ಲದ ಬೇರೆ ಜೀವಿಯೊಂದು ಕೆಂಪು ಶೈವಲವನ್ನೇ ಒಳಗೆಳೆದುಕೊಂಡಿತು. ಕಂದು ಶೈವಲಗಳೂ ಡಯಾಟಮ್‌ಗಳೆಂಬ ಸೂಕ್ಷ್ಮ ಶೈವಲಗಳೂ ತಮ್ಮ ಹರಿದ್ರೇಣುವನ್ನು ಪಡೆದದ್ದು ಹೀಗೆ, ಎರಡನೆಯ ಕೈಯಿಂದ.

ಈ ಚರಿತ್ರೆ ತಿಳಿಯದಿದ್ದ ಕಾಲದಲ್ಲೂ ವಿಜ್ಞಾನಿಗಳು ಸರಿಯಾದ ಜಾಡನ್ನೇ ಹಿಡಿದಿದ್ದರು. ಸಸ್ಯವಿಜ್ಞಾನಿ ವಿಲಿಯಂ ಹೆನ್ರಿ ಹಾರ್ವೆ 1836ರಲ್ಲಿ ಮುಖ್ಯವಾಗಿ ಬಣ್ಣವನ್ನು ನೋಡಿ ವಿಂಗಡಿಸಿದರೆ, ಎಫ್. ಇ. ಫ್ರಿಟ್ಶ್ 1935ರಲ್ಲಿ ವರ್ಣದ್ರವ್ಯ, ಕೂಡಿಟ್ಟ ಆಹಾರ, ಈಜಲು ನೆರವಾಗುವ ಕಶಾಂಗಗಳ ಸ್ವರೂಪ ಮುಂತಾದವನ್ನು ಆಧರಿಸಿ ಹನ್ನೊಂದು ವರ್ಗಗಳನ್ನು ಮಾಡಿದರು. ಭಾರತೀಯ ಶೈವಲ ವಿಜ್ಞಾನದ ಪಿತಾಮಹರೆನಿಸಿದ ಮದರಾಸಿನ ಎಂ. ಒ. ಪಿ. ಅಯ್ಯಂಗಾರ್ 1932ರಲ್ಲಿ ತಾವು ವಿವರಿಸಿದ ಒಂದು ಹಸಿರು ಶೈವಲಕ್ಕೆ ಫ್ರಿಟ್ಶಿಯೆಲ್ಲ ಎಂದು ಫ್ರಿಟ್ಶ್ ಅವರದೇ ಹೆಸರಿಟ್ಟರು. ಕೂಡಿಟ್ಟ ಆಹಾರದ ವ್ಯತ್ಯಾಸವನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಕಾಣಬಹುದು. ಸ್ಪೈರೋಗೈರದ ಎಳೆಯ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸುರುಳಿಯಾದ ಹಸಿರು ಪಟ್ಟಿಯ ಮೇಲೆ ಸಾಲಾಗಿ ಕಡುನೀಲಿ ಚುಕ್ಕೆಗಳು ಮೂಡುತ್ತವೆ, ಅದು ಪಿಷ್ಟ. ಕಂದು ಶೈವಲದಲ್ಲಿ ಈ ನೀಲಿ ಮೂಡುವುದಿಲ್ಲ, ಏಕೆಂದರೆ ಅದು ಕೂಡಿಡುವುದು ಪಿಷ್ಟವನ್ನಲ್ಲ, ಲ್ಯಾಮಿನಾರಿನ್ ಎಂಬ ಬೇರೆ ಶರ್ಕರವನ್ನು.

ವರ್ಗೀಕರಣವೆಂದರೆ ಪರೀಕ್ಷೆಗಾಗಿ ಕಂಠಪಾಠ ಮಾಡುವ ಹೆಸರುಗಳು ಎಂಬ ಭಾವನೆ ನಮ್ಮಲ್ಲಿದೆ, ಅದು ಸರಿಯಲ್ಲ. ಒಂದು ಗುಂಪನ್ನು ಇನ್ನೊಂದರಿಂದ ಬೇರ್ಪಡಿಸುವ ಗುಣವೇ, ಬಹುಮಟ್ಟಿಗೆ, ಮಾರುಕಟ್ಟೆಯಲ್ಲಿ ಬೆಲೆ ತರುವ ಗುಣವೂ ಹೌದು. ಕೆಂಪು ಶೈವಲಗಳ ಕೋಶಭಿತ್ತಿಯಲ್ಲಿರುವ ಲೋಳೆಯಂಥ ಶರ್ಕರಗಳೇ ಅಗರ್ ಮತ್ತು ಕ್ಯಾರಗೀನನ್. ಬ್ಯಾಕ್ಟೀರಿಯಾ ಬೆಳೆಸಲು ಹಿಂದೆ ಬಳಸುತ್ತಿದ್ದ ಜೆಲಾಟಿನ್ ನಮ್ಮ ಮೈಯ ಬಿಸಿಗೇ ಕರಗಿ ನೀರಾಗುತ್ತಿತ್ತು. 1881ರ ಸುಮಾರಿಗೆ ಫ್ಯಾನಿ ಹೆಸ್ಸೆ ಎಂಬ ಮಹಿಳೆ, ತಮ್ಮ ಅಡುಗೆಯ ಅನುಭವದಿಂದ, ಅದರ ಬದಲು ಅಗರ್ ಬಳಸುವಂತೆ ಸೂಚಿಸಿದರು. ಒಮ್ಮೆ ಗಟ್ಟಿಯಾದ ಅಗರ್ ಸುಮಾರು 85 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕರಗುವುದಿಲ್ಲ, ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸಿಕೊಳ್ಳಲೂ ಆಗದು. ರೋಗಾಣುಗಳನ್ನು ಬೇರ್ಪಡಿಸಿ ಗುರುತಿಸುವ ಕೆಲಸ ಇಂದಿಗೂ ಈ ಗುಣದ ಮೇಲೆ ನಿಂತಿದೆ. ನಮ್ಮ ದೇಶದಲ್ಲಿ ಅಗರ್ ನೀಡುವ ಜೆಲಿಡಿಯೆಲ್ಲವನ್ನು ಮನ್ನಾರ್ ಕೊಲ್ಲಿಯ ಬಂಡೆಗಳಿಂದ ಮುಳುಗಿ ಕಿತ್ತು ತರುವವರಲ್ಲಿ ಹೆಚ್ಚಿನವರು ರಾಮೇಶ್ವರದ ಸುತ್ತಲಿನ ಮೀನುಗಾರ ಹೆಂಗಸರು. ಅವರ ಶ್ರಮಕ್ಕೆ ಸಲ್ಲಬೇಕಾದ ಗೌರವ ಪಠ್ಯಪುಸ್ತಕಗಳಲ್ಲಿ ಸಂದಿಲ್ಲ.

ಐಸ್‌ಕ್ರೀಮ್ ಮತ್ತು ಚಾಕೊಲೇಟ್ ಹಾಲಿನಲ್ಲಿ ಹಾಲಿನ ಪ್ರೋಟೀನನ್ನು ಹಿಡಿದಿಟ್ಟು ಪದರವೊಡೆಯದಂತೆ ಕಾಯುವುದು ಕ್ಯಾರಗೀನನ್. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಕಲಸುವ ಪುಡಿಯಲ್ಲಿರುವುದು ಕಂದು ಶೈವಲದ ಆಲ್ಜಿನೇಟ್. ಕ್ಯಾಲ್ಸಿಯಂ ತಾಗಿದೊಡನೆ ಅದು ರಬ್ಬರಿನಂತೆ ಬಿಗಿಯುತ್ತದೆ. ಡಯಾಟಮ್‌ಗಳದ್ದು ಸಿಲಿಕಾದ ಕವಚವಾದ್ದರಿಂದ ಆ ಕವಚಗಳು ಕೂಡಿ ಆದ ಮಣ್ಣು ದ್ರವಗಳನ್ನು ಸೋಸಲು ಉಪಯೋಗಕ್ಕೆ ಬರುತ್ತದೆ. ಸ್ಪಿರುಲಿನಾದ ಭಿತ್ತಿಯಲ್ಲಿ ಸೆಲ್ಯುಲೋಸ್ ಇಲ್ಲ, ಒಣತೂಕದಲ್ಲಿ ಶೇ. 60ರಷ್ಟು ಇಲ್ಲವೇ ಅದಕ್ಕೂ ಹೆಚ್ಚು ಪ್ರೋಟೀನ್ ಇದೆ, ಹಾಗಾಗಿ ಅದು ಆಹಾರವಾಗಬಲ್ಲದು. ಅದನ್ನು ಕೊಳಗಳಲ್ಲಿ ಬೆಳೆಸುವ ವಿಧಾನವನ್ನು ರೂಪಿಸುವಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ)ಯ ಕೊಡುಗೆ ದೊಡ್ಡದು.

ಹಾಗೆಂದು ನೀಲಿ-ಹಸಿರು ಶೈವಲವೆಲ್ಲ ತಿನ್ನಲು ಯೋಗ್ಯವೆಂದು ತಿಳಿಯಬಾರದು. ಚರಂಡಿ ನೀರು ಸೇರಿದ ಕೆರೆಗಳ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಾಣುವ ಕೆನೆ ಹಲವೆಡೆ ಮೈಕ್ರೋಸಿಸ್ಟಿಸ್‌ನದು. ಇದೂ ಸ್ಪಿರುಲಿನಾದಂತೆ ನೀಲಿ-ಹಸಿರು ಬ್ಯಾಕ್ಟೀರಿಯಾವೇ, ಆದರೆ ಇದರ ಹಲವು ತಳಿಗಳು ಯಕೃತ್ತನ್ನು ಕೆಡಿಸುವ ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ. ನೀರನ್ನು ಕುದಿಸಿದರೂ ಈ ವಿಷ ಹೋಗುವುದಿಲ್ಲ. ಅಂಥ ನೀರನ್ನು ದನಕರುಗಳಿಗೂ ಕುಡಿಸಬಾರದು.