ನರ ಸತ್ತಿಲ್ಲ ಸ್ವಾಮಿ

ಪ್ರಶ್ನೆ: ನನಗೆ 34 ವರ್ಷ, ಮದುವೆಯಾಗಿ ಆರು ವರ್ಷ. ಡಿಪ್ರೆಶನ್ ಅಂತ ಡಾಕ್ಟರು ಮಾತ್ರೆ ಶುರು ಮಾಡಿ ಎರಡು ತಿಂಗಳಾಯಿತು. ಮನಸ್ಸು ಎಷ್ಟೋ ಹಗುರವಾಗಿದೆ, ಕೆಲಸಕ್ಕೂ ಹೋಗುತ್ತಿದ್ದೇನೆ. ಆದರೆ ಹೆಂಡತಿಯ ಹತ್ತಿರ ಹೋಗುವ ಆಸೆಯೇ ಇಲ್ಲ. ಹೋದರೂ ಮುಗಿಯುವುದೇ ಇಲ್ಲ. ಈ ಮಾತ್ರೆ ನರಗಳನ್ನು ಸಾಯಿಸುತ್ತೆ ಅಂತ ಸ್ನೇಹಿತ ಹೇಳಿದ. ನಿಲ್ಲಿಸಿಬಿಡಲೇ?
– ಹೆಸರು ಬೇಡ, ವಿಜಯನಗರ

ನೀವಾಗಿಯೇ ನಿಲ್ಲಿಸಬೇಡಿ. ಇಲ್ಲಿ ಬರೆದಿದ್ದನ್ನೇ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಉತ್ತರ ಇಷ್ಟೇ. ಹನುಮಂತನಗರದಲ್ಲಿ ಮೆಡಿಕಲ್ ಶಾಪ್ ಇಟ್ಟು ಇಪ್ಪತ್ತೆರಡು ವರ್ಷವಾಯಿತು, ಅಷ್ಟೂ ವರ್ಷ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಬಾಯಿ ಸೋತಿದೆ. ಒಂದು ಸಲ ಬರೆದೇ ಬಿಡೋಣ.

ಈ ಪ್ರಶ್ನೆ ಅಂಗಡಿಗೆ ಬರುವ ಹೊತ್ತು ರಾತ್ರಿ ಒಂಬತ್ತೂವರೆ, ಷಟರ್ ಅರ್ಧ ಎಳೆದಿರುವಾಗ. ಬಂದವರು ಮೊದಲು ಕೆಮ್ಮಿನ ಮಾತ್ರೆ ಕೇಳುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಟೂತ್‌ಪೇಸ್ಟಿನ ಬೆಲೆ ಓದುತ್ತಾ ನಿಲ್ಲುತ್ತಾರೆ. ಅವರು ಹೋದ ಮೇಲೆ ಜೇಬಿನಿಂದ ಸ್ಟ್ರಿಪ್ ಹೊರಬರುತ್ತದೆ. ಹತ್ತರಲ್ಲಿ ಆರು ಹಾಗೇ ಇವೆ. "ಸಾರ್, ಇದನ್ನ ವಾಪಸ್ ತಗೊಳ್ತೀರಾ?" ಯಾಕೆ ಅಂತ ನಾನು ಕೇಳುವುದಿಲ್ಲ. ಗೊತ್ತು.

ಮೊದಲು ನಿಜವನ್ನು ಒಪ್ಪಿಕೊಳ್ಳೋಣ. ಹೌದು, ಈ ಮಾತ್ರೆಗಳಿಂದ ಆಸೆ ಕಮ್ಮಿಯಾಗಬಹುದು. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಎಲ್ಲ ಒಂದೇ ಮನೆತನದವು. ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಹೆಚ್ಚಿಸುವುದು ಇವುಗಳ ಕೆಲಸ. ದುಃಖದ ಹಿಡಿತ ಸಡಿಲಾಗುವುದಕ್ಕೆ ಅದು ನೆರವಾಗುತ್ತದೆ, ಆದರೆ ಆಸೆ ಹುಟ್ಟಿಸುವ ಡೋಪಮೈನಿನ ಉತ್ಸಾಹವನ್ನು ಸ್ವಲ್ಪ ಅಡಗಿಸುತ್ತದೆ. ಬೆನ್ನುಹುರಿಯ ಮಟ್ಟದಲ್ಲಿ ಸ್ಖಲನದ ಸಂಕೇತವನ್ನೂ ತಡ ಮಾಡುತ್ತದೆ. ನೀವು ಬರೆದ 'ಮುಗಿಯುವುದೇ ಇಲ್ಲ' ಅನ್ನುವುದು ಇದೇ. ಇನ್ನೊಂದು ಕಿರಿಕಿರಿ ಏನೆಂದರೆ, ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು, ಈ ತೊಂದರೆ ಮಾತ್ರ ಮೊದಲ ವಾರದಲ್ಲೇ ಬಂದು ಕೂರಬಹುದು. ಲಾಭಕ್ಕಿಂತ ಮೊದಲು ನಷ್ಟ ಕಂಡರೆ ಯಾರಿಗೆ ತಾನೇ ನಂಬಿಕೆ ಬರುತ್ತದೆ?

ಇದು ಅಪರೂಪವೂ ಅಲ್ಲ. ಸ್ಪೇನಿನಲ್ಲಿ ಇದೇ ಮನೆತನದ ಮಾತ್ರೆ ನುಂಗುತ್ತಿದ್ದ 344 ಜನರನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತಾವಾಗಿಯೇ ತೊಂದರೆ ಹೇಳಿಕೊಂಡವರು ನೂರಕ್ಕೆ 14. ಡಾಕ್ಟರು ನೇರವಾಗಿ ಕೇಳಿದಾಗ ಹೌದು ಎಂದವರು ನೂರಕ್ಕೆ 58. ಸ್ಪೇನಿನವರದೇ ಈ ಕಥೆಯಾದರೆ, ಹೆಂಡತಿಗೆ ಕಾಂಡೋಮ್ ತರಲು ಹೇಳದ, ತಾನೇ ತಂದರೂ ಅದನ್ನು ಎರಡು ಪೇಪರಿನಲ್ಲಿ ಸುತ್ತಿಸಿಕೊಳ್ಳುವ ನಮ್ಮವರ ಕಥೆ ಬೇರೆ ಹೇಳಬೇಕೆ?

ಈಗ ನಿಮ್ಮ ಸ್ನೇಹಿತರ ವಿಷಯಕ್ಕೆ ಬರುತ್ತೇನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. 'ನರ ಸಾಯುತ್ತೆ' ಅನ್ನುವ ಮಾತು ಎಲ್ಲಿಂದ ಬಂತು ಗೊತ್ತೇ? ಮೆಜೆಸ್ಟಿಕ್ ಸುತ್ತಮುತ್ತಲ ಗೋಡೆಗಳಿಂದ. 'ನರ ದೌರ್ಬಲ್ಯಕ್ಕೆ ಶಾಶ್ವತ ಪರಿಹಾರ' ಎಂಬ ಚೀಟಿಗಳಿಂದ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧಿಯ ಜಾಹೀರಾತು ಕೊಡುವಂತಿಲ್ಲ ಎಂದು 1954ರಲ್ಲೇ ಕಾನೂನು ಬಂದಿದೆ. ಗೋಡೆಗೆ ಅದು ಇನ್ನೂ ಗೊತ್ತಾಗಿಲ್ಲ. ಮೂರು ತಲೆಮಾರು ಆ ಗೋಡೆ ಓದಿ ಓದಿ, ಹಾಸಿಗೆಯಲ್ಲಿ ಏನು ಹೆಚ್ಚುಕಮ್ಮಿಯಾದರೂ 'ನರ' ಅನ್ನುವುದನ್ನು ಕಲಿತಿದೆ.

ನರ ಸತ್ತಿಲ್ಲ ಅನ್ನುವುದಕ್ಕೆ ನನ್ನ ಅಂಗಡಿಯ ಕಪಾಟೇ ಸಾಕ್ಷಿ. ಡಾಪಾಕ್ಸೆಟಿನ್ ಅಂತ ಒಂದು ಮಾತ್ರೆಯಿದೆ. ಶೀಘ್ರ ಸ್ಖಲನಕ್ಕೆ ಡಾಕ್ಟರು ಬರೆಯುವುದು ಅದನ್ನೇ. ಅದು ಯಾವ ಮನೆತನದ್ದು ಅಂದುಕೊಂಡಿರಿ? ನಿಮ್ಮ ಡಿಪ್ರೆಶನ್ ಮಾತ್ರೆಯ ಮನೆತನದ್ದೇ. ಬೇಗ ಕೆಲಸ ಮಾಡಿ ಬೇಗ ದೇಹದಿಂದ ಹೊರಹೋಗುತ್ತದೆ, ಅಷ್ಟೇ ವ್ಯತ್ಯಾಸ. ನಿಮಗೆ ಕಾಟ ಅನ್ನಿಸಿದ ಅದೇ ತಡವನ್ನು ಇನ್ನೊಬ್ಬರು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ. ನರ ಸಾಯುವುದಾಗಿದ್ದರೆ ಅವರಿಗೆ ಮರುದಿನ ಅದು ಬದುಕಿ ಬರುತ್ತಿತ್ತೇ? ಇದು ಸಿಗ್ನಲ್ಲಿನಲ್ಲಿ ಕೆಂಪು ದೀಪ ಹೆಚ್ಚು ಹೊತ್ತು ಉರಿದ ಹಾಗೆ. ರಸ್ತೆ ಕಿತ್ತುಹೋಗಿಲ್ಲ.

ಬೆಳಗಿನ ಜಾವ ಎಚ್ಚರವಾದಾಗ ನಿಮಿರುವಿಕೆ ಇರುತ್ತದೆಯೇ ನೋಡಿಕೊಳ್ಳಿ. ಇದ್ದರೆ ನರವೂ ರಕ್ತನಾಳವೂ ತಮ್ಮ ಕೆಲಸ ಮಾಡುತ್ತಿವೆ. ಇಲ್ಲದಿದ್ದರೆ ಮಾತ್ರೆಯನ್ನು ಬೈಯುವ ಮುಂಚೆ ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ. ನಿಜವಾಗಿ ನರ ಹಾಳುಮಾಡುವುದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ಅದರ ಮಾತ್ರೆ ತಪ್ಪಿಸಿ ಮದುವೆಮನೆಯಲ್ಲಿ ಎರಡೆರಡು ಹೋಳಿಗೆ ಬಾರಿಸುವವರು, ಡಿಪ್ರೆಶನ್ ಮಾತ್ರೆಗೆ ಮಾತ್ರ ಹೆದರುತ್ತಾರೆ.

ಮುಚ್ಚಿಡಬಾರದ ಮಾತೊಂದಿದೆ. ಸಾಮಾನ್ಯವಾಗಿ ಡೋಸ್ ಇಳಿಸಿದಾಗ, ಮಾತ್ರೆ ಬದಲಾಯಿಸಿದಾಗ ಅಥವಾ ಚಿಕಿತ್ಸೆ ಮುಗಿದಾಗ ಈ ತೊಂದರೆ ಹೋಗುತ್ತದೆ. ಆದರೆ ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ಉಳಿದುಕೊಂಡ ವರದಿಗಳಿವೆ. ಅದನ್ನು ಮಾತ್ರೆಯ ಜೊತೆಗಿನ ಚೀಟಿಯಲ್ಲಿ ಮುದ್ರಿಸಬೇಕೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಹೇಳಿತು. ಹಾಗಾಗಿ ತೊಂದರೆ ಕಂಡ ಕೂಡಲೇ ಡಾಕ್ಟರಿಗೆ ಹೇಳಿ, ವರ್ಷಗಟ್ಟಲೆ ನುಂಗಿಕೊಂಡು ಕೂರಬೇಡಿ.

ಹೇಳಿದರೆ ಅವರು ಏನು ಮಾಡುತ್ತಾರೆ? ಮೊದಲು, ಆಸೆ ಯಾವಾಗಿನಿಂದ ಹೋಯಿತು ಅಂತ ಕೇಳುತ್ತಾರೆ. ಖಿನ್ನತೆಯೇ ಅರ್ಧ ಆಸೆಯನ್ನು ನುಂಗಿರುತ್ತದೆ. ಬಿ.ಪಿ. ಮಾತ್ರೆ, ಕುಡಿತ, ರಾತ್ರಿ ಪಾಳಿಯನ್ನೂ ವಿಚಾರಿಸುತ್ತಾರೆ. ಆಮೇಲೆ ಡೋಸ್ ಇಳಿಸಬಹುದು. ಲೈಂಗಿಕ ತೊಂದರೆ ಕಡಿಮೆಯಿರುವ ಬ್ಯುಪ್ರೊಪಿಯಾನ್‌ಗೋ ಮಿರ್ಟಾಜಪಿನ್‌ಗೋ ಬದಲಾಯಿಸಬಹುದು. ಮೊದಲನೆಯದು ಫಿಟ್ಸ್ ಇರುವವರಿಗೆ ಆಗದು, ಎರಡನೆಯದು ಹಸಿವೆ, ತೂಕ, ನಿದ್ದೆ ಮೂರನ್ನೂ ಹೆಚ್ಚಿಸಬಹುದು. ನಿಮಿರುವಿಕೆಯದೇ ತೊಂದರೆಯಾದರೆ ಸಿಲ್ಡೆನಾಫಿಲ್ ಬರೆಯಬಹುದು. ಯಾರಿಗೆ ಯಾವುದು ಅನ್ನುವುದನ್ನು ಅವರು ನಿರ್ಧರಿಸಲಿ, ನಾನಲ್ಲ, ನಿಮ್ಮ ಸ್ನೇಹಿತರಂತೂ ಅಲ್ಲ.

ಡಾಕ್ಟರ ಚೀಟಿ ಇಲ್ಲದೆ ಸಿಲ್ಡೆನಾಫಿಲ್, ಡಾಪಾಕ್ಸೆಟಿನ್ ಎರಡೂ ಸೇರಿದ ಮಾತ್ರೆ ಕೇಳುವವರನ್ನು ನಾನು ಬರಿಗೈಯಲ್ಲಿ ಕಳಿಸುತ್ತೇನೆ. ಡಿಪ್ರೆಶನ್ ಮಾತ್ರೆಯ ಮೇಲೆ ಡಾಪಾಕ್ಸೆಟಿನ್ ಬಿದ್ದರೆ ಸೆರೊಟೋನಿನ್ ಮಿತಿಮೀರಿ ಆಸ್ಪತ್ರೆ ಸೇರಬೇಕಾಗಬಹುದು. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವವರು ಸಿಲ್ಡೆನಾಫಿಲ್ ನುಂಗಿದರೆ ಬಿ.ಪಿ. ಪಾತಾಳಕ್ಕಿಳಿಯುತ್ತದೆ. ಇದಕ್ಕೇ ಪಕ್ಕದ ರಸ್ತೆಯ ಅಂಗಡಿಗೆ ಹೋದ ಗಿರಾಕಿಗಳಿದ್ದಾರೆ. ಹೋಗಲಿ.

ತಟ್ಟನೆ ನಿಲ್ಲಿಸಿದರೆ ಏನಾಗುತ್ತದೆ ಅಂತ ಆರು ಮಾತ್ರೆ ಉಳಿಸಿ ವಾಪಸ್ ತಂದವರನ್ನೇ ಕೇಳಬೇಕು. ತಲೆ ಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ಚುರ್ ಅಂತ ಕರೆಂಟ್ ಹೊಡೆದ ಹಾಗೆ. ಜೊತೆಗೆ ಹಳೆಯ ಖಿನ್ನತೆ ವಾಪಸ್. ಅದು ಬಂದ ಮೇಲೆ ಆಸೆಯ ಮಾತೆಲ್ಲಿ? ಡಾಕ್ಟರ ಹತ್ತಿರ ಹೋಗುವವರೆಗೂ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. 'ನಿನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು' ಅಂತ ಬೈಯಲು ಮಾತ್ರ ಆ ಹೆಸರು ಬಳಸುವ ಊರು ನಮ್ಮದು.

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರೆಲ್ಲ ಗಂಡಸರು. ಖಿನ್ನತೆ ಹೆಂಗಸರಲ್ಲಿ ಹೆಚ್ಚುಕಡಿಮೆ ಎರಡರಷ್ಟು, ಮಾತ್ರೆ ಒಯ್ಯುವವರಲ್ಲೂ ಅವರೇ ಹೆಚ್ಚು. ಆಸೆ ಬತ್ತುವುದು, ಸ್ಪರ್ಶ ಮರಗಟ್ಟಿದಂತಾಗುವುದು, ಸುಖದ ತುದಿ ಮುಟ್ಟದಿರುವುದು ಅವರಿಗೂ ಉಂಟು. 'ನರ' ಅನ್ನುವ ಸುಳ್ಳು ಹೆಸರೂ ಅವರ ಪಾಲಿಗಿಲ್ಲ. ಮಕ್ಕಳಾದ ಮೇಲೆ ಇಷ್ಟೇ, ವಯಸ್ಸಾಯಿತು ಅಂದುಕೊಂಡು ಸುಮ್ಮನಾಗುತ್ತಾರೆ.

ಒಬ್ಬರು ಮಾತ್ರ ಹೋದ ವರ್ಷ, ಸೊಸೆ ಸ್ಕೂಟರಿನಲ್ಲಿ ಕಾಯುತ್ತಿರುವಾಗ, ಚಿಲ್ಲರೆ ಎಣಿಸುತ್ತಲೇ ಕೇಳಿದರು: "ಇದು ತಗೊಂಡ್ಮೇಲೆ ಯಜಮಾನ್ರು ಮುಟ್ಟಿದ್ರೆ ಏನೂ ಅನ್ನಿಸಲ್ಲಪ್ಪ. ಮಾತ್ರೆದಾ?" ಇರಬಹುದಮ್ಮ, ಡಾಕ್ಟರನ್ನು ಕೇಳಿ ಅಂದೆ. ಗಂಡಸು ಡಾಕ್ಟರು, ಹೇಗೆ ಕೇಳಲಿ ಅಂದರು. ಬಿಲ್ಲಿನ ಹಿಂದೆ ಬರೆದುಕೊಟ್ಟೆ: 'ಮಾತ್ರೆ ಶುರುವಾದ ಮೇಲೆ ಆಸೆ ಹೋಗಿದೆ. ಬದಲಾಯಿಸಲು ಆಗುತ್ತದೆಯೇ?' ಇದನ್ನು ಅವರ ಮೇಜಿನ ಮೇಲಿಡಿ, ಮಾತಾಡುವುದೇ ಬೇಡ ಅಂದೆ. ಮಡಚಿ ಪರ್ಸಿನ ಒಳಜೇಬಿಗೆ ಹಾಕಿಕೊಂಡರು. ಮುಂದಿನ ತಿಂಗಳ ಚೀಟಿಯಲ್ಲಿ ಮಾತ್ರೆಯ ಹೆಸರು ಬೇರೆಯಿತ್ತು.