ಸಣ್ಣ ಪತ್ರಿಕೆಯ ಲೆಕ್ಕ ಫಾರಂನಿಂದ ಶುರುವಾಗಲಿ

ಹೊಸ ಬರಹಗಾರರಿಗಾಗಿ ಸಾಹಿತ್ಯ ಪತ್ರಿಕೆ ತರಬೇಕೆಂದು ಹೊರಟವರು ಸಾಮಾನ್ಯವಾಗಿ ಹೆಸರು, ಲಾಂಛನ, ಬಿಡುಗಡೆಗೆ ಯಾರನ್ನು ಕರೆಯುವುದು ಎಂಬುದರಲ್ಲೇ ಎರಡು ತಿಂಗಳು ಕಳೆಯುತ್ತಾರೆ. ಮೊದಲು ಬೇಕಾದದ್ದು ಫಾರಂ ಲೆಕ್ಕ. ಫಾರಂ ಎಂದರೆ ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಗುಂಪು; ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ ಅದು 16 ಪುಟ. ನಾಲ್ಕು ಫಾರಂ, ಅಂದರೆ 64 ಪುಟ ಸಾಕು. ನಡುವೆ ಪಿನ್ ಹೊಡೆದರೆ ಮುಗಿಯಿತು. ಪುಟಕ್ಕೆ ಸುಮಾರು 230 ಪದ ಹಿಡಿದರೆ 1,800 ಪದಗಳ ಮೂರು ಕತೆಗೆ 24 ಪುಟ, ಹನ್ನೆರಡು ಕವಿತೆಗೆ 18, ಒಂದು ಪ್ರಬಂಧಕ್ಕೋ ಅನುವಾದಕ್ಕೋ 10. ಉಳಿದ 12ರಲ್ಲಿ ಪರಿವಿಡಿ, ಸಂಪಾದಕೀಯ, ಓದುಗರ ಪತ್ರ. ಒಂದೇ ಒಂದು ಕವಿತೆ 65ನೇ ಪುಟಕ್ಕೆ ಹೋಯಿತೋ, ಅರ್ಧ ಫಾರಂ ಏರುತ್ತದೆ. ಅದನ್ನು ತುಂಬಿಸಲು ಬೇಡವೆಂದು ಬದಿಗಿಟ್ಟಿದ್ದ ಪದ್ಯಗಳೆಲ್ಲ ಒಳಗೆ ಬರುತ್ತವೆ.

300 ಪ್ರತಿಯೊಳಗಿದ್ದರೆ ಡಿಜಿಟಲ್ ಮುದ್ರಣ, 500 ದಾಟಿದರೆ ಆಫ್‌ಸೆಟ್. ಒಳಪುಟಗಳಿಗೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದ ಸಾಕು.

ಹಣದ ವಿಷಯದಲ್ಲಿ ಕನ್ನಡದ ಸಣ್ಣ ಪತ್ರಿಕೆಗಳನ್ನು ಕೆಡಿಸಿದ್ದು ಆಜೀವ ಚಂದಾ. ಒಮ್ಮೆಲೇ ಬಂದ ದುಡ್ಡು ಎರಡನೇ ಸಂಚಿಕೆಗೇ ಕರಗುತ್ತದೆ. ಪ್ರತಿ ಕಳಿಸುವ ಋಣ ಮಾತ್ರ ಉಳಿಯುತ್ತದೆ. ವಾರ್ಷಿಕ ಚಂದಾ ಇಡಿ, ನಾಲ್ಕು ಸಂಚಿಕೆಗೆ. ಕಾಗದ, ಅಚ್ಚು, ಅಂಚೆ ಮೂರೂ ಸೇರಿ ಎರಡು ಸಂಚಿಕೆಯ ಹಣ ಪ್ರತ್ಯೇಕ ಖಾತೆಯಲ್ಲಿ ಬಿದ್ದ ಮೇಲೆಯೇ ಘೋಷಣೆ. ಅಂಚೆಯ ಬಾಬ್ತನ್ನು ಹಳೆಯ ಅಂದಾಜಿನಲ್ಲಿ ಬರೆಯಬೇಡಿ: 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ತ್ರೈಮಾಸಿಕವೇ ಲೇಸು; ಕತೆಗಾರ ವಿವೇಕ ಶಾನಭಾಗರು 2005ರಲ್ಲಿ ಶುರುಮಾಡಿದ ‘ದೇಶಕಾಲ’ವೂ ತ್ರೈಮಾಸಿಕವೇ ಆಗಿತ್ತು.

ನೋಂದಣಿಯ ವಿಷಯಕ್ಕೆ ಬಂದರೆ, 1867ರ ಕಾಯ್ದೆ ಹೋಗಿ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅರ್ಜಿ ಈಗ ಆನ್‌ಲೈನ್. ಪತ್ರಿಕೆಗೆ ನೀವು ಆರಿಸಿದ ಹೆಸರನ್ನು ದೇಶದ ಎಲ್ಲೇ ಇರುವ ಕನ್ನಡ ಪತ್ರಿಕೆ, ಅಥವಾ ನಿಮ್ಮ ರಾಜ್ಯದಲ್ಲಿ ಯಾವುದೇ ಭಾಷೆಯ ಪತ್ರಿಕೆ ಮೊದಲೇ ಹಿಡಿದಿದ್ದರೆ ಅದು ಸಿಗುವುದಿಲ್ಲ. ಹಾಗಾಗಿ ಲಾಂಛನ ಬರೆಸುವ ಮುನ್ನ ನಾಲ್ಕೈದು ಹೆಸರು ಕೈಯಲ್ಲಿರಲಿ. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಅಚ್ಚು ಹಾಕಿ ತರುವ ರೂಢಿಯೂ ಇದೆ, ಆದರೆ ಪತ್ರಿಕೆಗಳ ರಿಯಾಯಿತಿ ಅಂಚೆದರಕ್ಕೆ ನೋಂದಣಿ ಬೇಕೇ ಬೇಕು.

ಇನ್ನು ಸಂಪಾದನೆ. ಬರುವ ಹತ್ತರಲ್ಲಿ ಎಂಟು ಕವಿತೆಯೇ ಎಂದಿಟ್ಟುಕೊಳ್ಳಿ. ಆರು ವಾರದೊಳಗೆ ಉತ್ತರ ಕೊಡುತ್ತೇವೆಂದು ಹೇಳಿ, ಕೊಡಿ. ‘ಚೆನ್ನಾಗಿದೆ, ಇನ್ನಷ್ಟು ಓದಿ’ ಎಂಬ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. ‘ಅಜ್ಜಿ ಬಾಗಿಲು ಹಾಕಿಕೊಳ್ಳುವಲ್ಲಿಗೇ ಕತೆ ಮುಗಿದಿದೆ, ಆಮೇಲಿನ ಒಂದೂವರೆ ಪುಟ ಅದನ್ನೇ ವಿವರಿಸುತ್ತಿದೆ, ತೆಗೆದು ಓದಿ ನೋಡಿ’ ಎಂದು ಬರೆದರೆ ಕತೆಗಾರ ಮರುದಿನವೇ ಕೂತು ತಿದ್ದುತ್ತಾನೆ. ಧಾರವಾಡದ ಕತೆಯ ‘ಹೋಗ್ಯಾನ’ವನ್ನು ‘ಹೋಗಿದ್ದಾನೆ’ ಎಂದು ತಿದ್ದುವ ಕೈಗೆ ಕರಡು ಕೊಡಬೇಡಿ. ಅದೇ ಪಾತ್ರ ಮುಂದಿನ ಪುಟದಲ್ಲಿ ‘ಹೋಗಿದ್ದಾನೆ’ ಎಂದರೆ ಮಾತ್ರ ಲೇಖಕರನ್ನು ಕೇಳಿ.

ಹೆಚ್ಚು ಪೆಟ್ಟು ಬೀಳುವುದು ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವಾಗ. ಲೇಖಕರ ಬರಹ ಯೂನಿಕೋಡ್‌ನಲ್ಲಿ ಬರುತ್ತದೆ, ಅನೇಕ ಕಡೆ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಈಗಲೂ ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಅಕ್ಷರಗಳಲ್ಲೇ ಕೆಲಸ ಮಾಡುತ್ತದೆ. ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ಬಿಡುತ್ತದೆ, ‘ಬಸ್‌ಸ್ಟ್ಯಾಂಡ್’ ಒತ್ತು ಕೂಡಿಕೊಂಡು ‘ಬಸ್ಸ್ಟ್ಯಾಂಡ್’ ಆಗುತ್ತದೆ. ಕವಿತೆಯದು ಇನ್ನೂ ಕಷ್ಟ: ಅಗಲಕ್ಕೆ ಹಿಡಿಸದ ಸಾಲಿನ ಬಾಲ ಕೆಳಗಿಳಿದು ಹೊಸ ಸಾಲಿನಂತೆ ನಿಲ್ಲುತ್ತದೆ, ಓದುಗ ಅಲ್ಲೊಂದು ವಿರಾಮ ಕೊಟ್ಟು ಓದುತ್ತಾನೆ. ಇಳಿದ ಬಾಲವನ್ನು ಒಳಸರಿಸಿ ಕೂರಿಸಲು ಹೇಳಿ. ಕೊನೆಯ ಕರಡು ಕವಿಗೆ ಪಿಡಿಎಫ್‌ನಲ್ಲೇ ಹೋಗಲಿ. ವಾಟ್ಸಾಪ್‌ನಲ್ಲಿ ಅಂಟಿಸಿ ಕಳಿಸಿದರೆ ಮೊಬೈಲು ತನಗೆ ಬೇಕಾದಲ್ಲಿ ಸಾಲು ಮುರಿದು ತೋರಿಸುತ್ತದೆ, ಪಾಪ, ಕವಿ ಅದಕ್ಕೇ ‘ಸರಿಯಿದೆ’ ಎಂದು ಒಪ್ಪಿಗೆ ಕೊಟ್ಟಿರುತ್ತಾರೆ.