ಸ್ಕ್ಯಾನರ್ ಮೇಲೆ ಅಂಟಿಸಿದ ಕಾಗದ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮತ್ತು ಚಹಾ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ವಿವರಗಳನ್ನು ಪರಿಶೀಲಿಸಿದ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯು, ವಹಿವಾಟು ಮಿತಿ ಮೀರಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸದ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತ್ತು. ಆ ವಾರಗಳಲ್ಲಿ ತೆರಿಗೆ ಸಲಹೆಗಾರನಾದ ನನ್ನ ಕಚೇರಿಗೆ ಬಂದ ಹೆಚ್ಚಿನವರಿಗೆ ತಮ್ಮದು ಅಷ್ಟು ದೊಡ್ಡ ವ್ಯಾಪಾರವೆಂದು ನಂಬಲೇ ಆಗುತ್ತಿರಲಿಲ್ಲ.

ಅವರಲ್ಲಿ ಒಬ್ಬರು ಬಸ್ ನಿಲ್ದಾಣದ ಬಳಿ ಸಣ್ಣ ಕಾಂಡಿಮೆಂಟ್ಸ್ ಅಂಗಡಿ ಇಟ್ಟವರು. ಬಿಸ್ಕತ್ತು, ಸೋಪು, ಸಿಗರೇಟು, ತಂಪು ಪಾನೀಯ, ಬೆಳಗ್ಗೆ ಹಾಲು. ಅವರು ತಂದಿದ್ದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪುಟದ ಮೇಲೆ ಪುಟ 12, 20, 35, 10 ರೂಪಾಯಿಗಳ ಜಮೆಗಳೇ ಇದ್ದವು. ನಡುನಡುವೆ ಮಗ ಕಳುಹಿಸಿದ ಹಣ, ಪಕ್ಕದ ಅಂಗಡಿಯವರು ನಗದು ಪಡೆದು ಫೋನಿನಲ್ಲಿ ಹಾಕಿದ ಹಣ. ಅವನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತಿಸಿ ಕಳೆದರೂ ವರ್ಷದ ಮಾರಾಟ, ಸರಕು ಮಾರುವವರಿಗೆ ನೋಂದಣಿ ಕಡ್ಡಾಯವಾಗುವ 40 ಲಕ್ಷದ ಮಿತಿಯನ್ನು ದಾಟುತ್ತಿತ್ತು. ‘ಸಾರ್, ಇಷ್ಟು ದುಡ್ಡು ನನ್ನ ಕೈಗೆ ಯಾವತ್ತು ಬಂತು, ನೀವೇ ಹೇಳಿ’ ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬೆಳಗ್ಗೆ ಖಾತೆಗೆ ಬಂದ ಹಣ ಮಧ್ಯಾಹ್ನ ಡಿಸ್ಟ್ರಿಬ್ಯೂಟರಿಗೆ ಹೋಗುತ್ತದೆ. ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ಉಳಿದು ಮನೆಗೆ ಹೋಗುವ ಹಣವನ್ನು ಮಾತ್ರ ಅವರ ಮನಸ್ಸು ವ್ಯಾಪಾರವೆಂದು ಲೆಕ್ಕ ಹಿಡಿಯುತ್ತದೆ. ಕಾನೂನು ಲೆಕ್ಕ ಹಿಡಿಯುವುದು ಲಾಭವನ್ನಲ್ಲ, ಒಟ್ಟು ಮಾರಾಟವನ್ನು. ವರ್ಷಕ್ಕೆ 40 ಲಕ್ಷವೆಂದರೆ ದಿನಕ್ಕೆ ಸುಮಾರು 11,000 ರೂಪಾಯಿ. ಸಿಗರೇಟು ಮತ್ತು ಹಾಲು ಮಾರುವ, ಜನಸಂದಣಿಯ ಜಾಗದ ಅಂಗಡಿ ಈ ಮೊತ್ತವನ್ನು ಮುಟ್ಟುವುದು ಕಷ್ಟವೇನಲ್ಲ.

ಇಲ್ಲಿ ಅನೇಕರು ಎಡವುವ ಒಂದು ಅಂಶವಿದೆ. ಹಾಲು, ತರಕಾರಿ, ಬ್ರೆಡ್ಡಿಗೆ ತೆರಿಗೆಯಿಲ್ಲ, ಆದ್ದರಿಂದ ಅವು ಲೆಕ್ಕಕ್ಕೆ ಬರುವುದಿಲ್ಲ ಎಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕಿಲ್ಲ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತನ್ನೂ ಮಾರಿದರೆ, ಮಿತಿಯನ್ನು ಅಳೆಯುವಾಗ ಹಾಲಿನ ಮಾರಾಟವೂ ಸೇರುತ್ತದೆ. ಚಹಾ, ತಿಂಡಿ ಮಾಡಿಕೊಡುವ ಹೋಟೆಲಿನವರಿಗೆ ಮಿತಿಯೇ 20 ಲಕ್ಷ.

ನೋಟಿಸು ಅಷ್ಟು ಭಾರವೆನಿಸಿದ್ದೇಕೆಂದು ತಿಳಿಯಲು ಒಂದು ಪೊಟ್ಟಣದ ಲೆಕ್ಕ ಸಾಕು. ಆಗ 18% ತೆರಿಗೆಯಿದ್ದ ಒಂದು ಸರಕಿನ ಎಂಆರ್‌ಪಿ 118 ರೂಪಾಯಿ ಎಂದಿಟ್ಟುಕೊಳ್ಳೋಣ: ಬೆಲೆ 100, ತೆರಿಗೆ 18. ಅಂಗಡಿಯವರು ಅದನ್ನು 90 ರೂಪಾಯಿಗೆ, 16.20 ತೆರಿಗೆ ಸೇರಿಸಿ, 106.20ಕ್ಕೆ ಕೊಂಡಿರುತ್ತಾರೆ. ನೋಂದಣಿ ಇಲ್ಲದಿದ್ದರೆ ಅವರಿಗೆ ಉಳಿಯುವುದು 11.80. ಸಾಮಾನ್ಯ ನೋಂದಣಿ ಇದ್ದರೆ, ಕೊಳ್ಳುವಾಗ ಕಟ್ಟಿದ 16.20ನ್ನು ವಜಾ ಮಾಡಿಕೊಂಡು ಸರ್ಕಾರಕ್ಕೆ 1.80 ಕಟ್ಟುತ್ತಾರೆ, ಉಳಿಯುವುದು 10. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿನವರಿಗೆ ಇರುವ ರಾಜಿ ತೆರಿಗೆ ಪದ್ಧತಿಯಲ್ಲಿ, ಅಂದರೆ ನಾವು ಕಾಂಪೊಸಿಷನ್ ಎನ್ನುವುದರಲ್ಲಿ, ಮಾರಾಟದ 1%, ಅಂದರೆ 1.18 ಕಟ್ಟಿದರೆ 10.62 ಉಳಿಯುತ್ತದೆ. ನೋಂದಣಿಯಿಲ್ಲದೆ ಸಿಕ್ಕಿಬಿದ್ದವರಿಗಾದರೋ ಹಳೆಯ ಖರೀದಿಯ ತೆರಿಗೆ ವಜಾ ಆಗುವುದಿಲ್ಲ, ರಾಜಿ ದರವೂ ಹಿಂದಿನ ವರ್ಷಗಳಿಗೆ ದಕ್ಕುವುದಿಲ್ಲ. ಪೂರ್ತಿ 18 ರೂಪಾಯಿ, ಅದರ ಮೇಲೆ ಬಡ್ಡಿ, ದಂಡ. 11.80 ಗಳಿಸಿದವರು 18 ಕೊಡಬೇಕು. ಗಿರಾಕಿ ಎಂದೋ ಬಿಸ್ಕತ್ತು ತಿಂದು ಹೋಗಿಯಾಗಿದೆ, ಅವರಿಂದ ಈಗ ಏನನ್ನೂ ಕೇಳುವಂತಿಲ್ಲ.

ಕಾಲಕ್ಕೆ ಸರಿಯಾಗಿ ನೋಂದಣಿ ಮಾಡಿಸಿದ್ದರೆ 1.18 ರೂಪಾಯಿಯಲ್ಲಿ ಮುಗಿಯುತ್ತಿದ್ದ ಬಾಧ್ಯತೆ ಹೀಗೆ ಬೆಳೆಯಲು ಬಿಟ್ಟದ್ದು ವ್ಯಾಪಾರಿಯ ತಪ್ಪಷ್ಟೇ ಅಲ್ಲವೆಂದು ನಾನು ನಂಬುತ್ತೇನೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು. ಬೀದಿಬದಿಯ ಅಂಗಡಿಗೆ ಈ ಲೆಕ್ಕವನ್ನು ಯಾರೂ ಹೋಗಿ ಕನ್ನಡದಲ್ಲಿ ಕುಳಿತು ಹೇಳಲಿಲ್ಲ. ಹೇಳಬೇಕಾದವರಲ್ಲಿ ನಮ್ಮಂಥ ಸಲಹೆಗಾರರೂ ಇದ್ದೆವು.

ಜುಲೈ 23ರಂದು ವ್ಯಾಪಾರಿಗಳ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಪ್ರಕಟಿಸಿದರು. ಆದರೂ ಸ್ಕ್ಯಾನರ್ ಮೇಲಿನ ಕಾಗದಗಳು ತಕ್ಷಣ ಕಳಚಲಿಲ್ಲ. ‘ಒಂದು ಸಲ ನಂಬರ್ ತಗೊಂಡ್ರೆ ಆಮೇಲೆ ಬಿಡೋದಿಲ್ಲ’ ಎಂಬ ಭಯ ತೆರಿಗೆಯ ದರಕ್ಕಿಂತ ದೊಡ್ಡದು. ಅದರ ಹಿಂದೆ ಆದಾಯ ತೆರಿಗೆಯವರು ಬರುತ್ತಾರೆಂಬ ಭಯವೂ ಇದೆ. ಅದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ಆದಾಯ ತೆರಿಗೆ ಕಾನೂನಿನ ಒಂದು ಕಲಮಿನಡಿ (2025-26ರಲ್ಲಿ ಅದು 44ಎಡಿ) ಸಣ್ಣ ವ್ಯಾಪಾರಿಗಳು ನಗದು ಮಾರಾಟದ 8%ರಷ್ಟನ್ನು ಆದಾಯವೆಂದು ತೋರಿಸಿದರೆ ಸಾಕು. ಯುಪಿಐ, ಬ್ಯಾಂಕ್ ಮೂಲಕ ಬಂದ ಮಾರಾಟಕ್ಕೆ 6% ಸಾಕು. 50 ಲಕ್ಷ ಪೂರ್ತಿ ಯುಪಿಐಯಲ್ಲೇ ಬಂದರೂ ಆ ಲೆಕ್ಕದ ಆದಾಯ 3 ಲಕ್ಷ. ಬೇರೆ ಆದಾಯವಿಲ್ಲದವರಿಗೆ 2025-26ರ ಹೊಸ ಪದ್ಧತಿಯಲ್ಲಿ ಅದಕ್ಕೆ ತೆರಿಗೆಯೇ ಇಲ್ಲ. ನಗದಿಗೆ ಮರಳಿದವರು ಹೆಚ್ಚಿನ ದರದ ಕಡೆಗೆ ಹೋದಂತಾಯಿತು, ಜಿಎಸ್‌ಟಿ ಮಿತಿಯಿಂದ ತಪ್ಪಿಸಿಕೊಂಡಂತೆಯೂ ಆಗಲಿಲ್ಲ, ಏಕೆಂದರೆ ನಗದು ಮಾರಾಟವೂ ಮಾರಾಟವೇ.

ಗಿರಾಕಿಗಳ ಕಡೆಯಿಂದಲೂ ನಷ್ಟವಿತ್ತು. ಕಾಗದ ಅಂಟಿಸಿದ ಹತ್ತು ದಿನಗಳಲ್ಲಿ ತಾವು ಗಮನಿಸಿದ್ದನ್ನು ಆ ಕಾಂಡಿಮೆಂಟ್ಸ್ ಅಂಗಡಿಯವರು ನನಗೆ ಹೇಳಿದರು: ಜೇಬು ತಡವಿ, ನೋಟಿಲ್ಲದೆ ಎದುರಿನ ಅಂಗಡಿಗೆ ಹೋಗುವವರು ಒಂದು ಕಡೆ, ನೋಟಿದ್ದೂ ಕೈಯಲ್ಲಿರುವಷ್ಟಕ್ಕೆ ಮಾತ್ರ ಕೊಂಡು, ಜೊತೆಗೆ ಎತ್ತಿಕೊಳ್ಳುತ್ತಿದ್ದ ಚಿಪ್ಸ್ ಪೊಟ್ಟಣವನ್ನು ಬಿಟ್ಟು ಹೋಗುವವರು ಇನ್ನೊಂದು ಕಡೆ. ಚಿಲ್ಲರೆ ಬದಲಿಗೆ ಚಾಕೊಲೇಟ್ ಕೊಡುವ ಹಳೆಯ ಜಗಳವೂ ಮರಳಿ ಬಂದಿತ್ತು.

ಆಗಸ್ಟ್ ಮೊದಲ ವಾರದಲ್ಲಿ ಅವರು ರಾಜಿ ಪದ್ಧತಿಯಡಿ ನೋಂದಣಿ ಮಾಡಿಸಿದರು. ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ, ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಇರುವಂತಿಲ್ಲ, ರಾಜಿ ತೆರಿಗೆದಾರರೆಂಬ ಫಲಕ ಕಾಣುವಂತಿರಬೇಕು ಎಂದು ವಿವರಿಸಿದೆ. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಕಟ್ಟಬೇಕು. ಅಕ್ಟೋಬರಿನಲ್ಲಿ ಅವರು 18ಕ್ಕೆ ನಾಲ್ಕು ದಿನ ಮೊದಲೇ ಬಂದರು. ಕೈಯಲ್ಲಿ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ ಇತ್ತು; ಪ್ರತಿ ದಿನದ ಸಾಲಿನಲ್ಲಿ ಎರಡು ಅಂಕಿಗಳು, ಒಂದು ಸ್ಕ್ಯಾನರಿನದು, ಇನ್ನೊಂದು ಗಲ್ಲಾಪೆಟ್ಟಿಗೆಯದು, ಪುಟದ ಕೆಳಗೆ ಎರಡನ್ನೂ ಕೂಡಿಸಿ ಬರೆದಿದ್ದರು.